ಇಪ್ಪತ್ತನಾಲ್ಕನೆಯ ಹಾಸಿಗೆ

“ಲೇ ಗಾಳಿ, ಗೋಡೆಯಿಂದ ಕೈ ತೆಗಿಯೋ. ನಿನ್ನೆ ಬಳಿದಿರೋ ಬಣ್ಣ ಅದು. ಬರೋರು ಗೋಡೆ ನೋಡ್ಲಿ, ನಿನ್ನ ಬೆರಳಚ್ಚು ನೋಡೋದು ಬೇಡ.”

ಗಾಳಿ ಕೈ ತೆಗೆದ. ತುಂಬಿದ ಸಿಲಿಂಡರನ್ನು ಓರೆ ಮಾಡಿ, ತಳದ ಅಂಚಿನ ಮೇಲೆ ಉರುಳಿಸಿಕೊಂಡು ಬರುತ್ತಿದ್ದವನು ಸುಧಾರಿಸಿಕೊಳ್ಳಲೆಂದು ಅರೆಗಳಿಗೆ ಗೋಡೆಗೆ ಕೈ ಊರಿದ್ದ. ಈಗ ಅಷ್ಟೂ ಭಾರ ಎಡಗೈ ಮಣಿಕಟ್ಟಿಗೆ ಬಂತು. ಸೂಪರಿಂಟೆಂಡೆಂಟ್ ಸಾಹೇಬರು ಮಾತು ಮುಗಿಸುವ ತನಕ ಹಾಗೇ ಹಿಡಿದು ನಿಲ್ಲಬೇಕು. ನಡುವೆ ನೆಲಕ್ಕಿಟ್ಟರೆ ಸದ್ದಾಗುತ್ತದೆ, ಸದ್ದಾದರೆ ಇನ್ನೊಂದು ಬೈಗುಳ.

“ನಾಳೆ ಎಣಿಸೋಕೆ ಬರ್ತಾರೆ. ಹೋದ ವರ್ಷ ಮಾಡಿದ ಹಾಗೇ ಮಾಡು. ಒಂದು ಬಿಡು, ತೋರ್ಸು, ಮುಚ್ಚು. ಆಮೇಲೆ ಇನ್ನೊಂದು. ತಲೆಗೆ ಹೋಯ್ತಾ?”

“ಹೋಯ್ತು ಸಾರ್.”

“ಹೋದ ವರ್ಷ ಇಪ್ಪತ್ನಾಲ್ಕು ಅಂತ ಬರ್ಕೊಟ್ಟಿದೀವಿ. ಈ ವರ್ಷ ಒಂದು ಕಮ್ಮಿ ಆದ್ರೂ ಆಗ ಬರೆದಿದ್ದು ಸುಳ್ಳು ಅಂತಾಗುತ್ತೆ. ನಿನ್ನ ಬಾಯಿಂದ ಏನಾದ್ರೂ ಉದುರ್ತೋ, ನಾಡಿದ್ದು ಗೇಟಿನಾಚೆ ಇರ್ತೀಯ, ಬೋಳಿಮಗನೆ.”

ಗಾಳಿ ತಲೆಯಾಡಿಸಿದ. ಹತ್ತೊಂಬತ್ತು ವರ್ಷ ಆ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹೊತ್ತವನು ಅವನು. ಗುತ್ತಿಗೆಯ ಕೆಲಸ. ಅವನಿಗೂ ಒಂದು ಹೆಸರಿತ್ತು, ಆದರೆ ಅದು ಬೇಕಾಗುತ್ತಿದ್ದುದು ತಿಂಗಳಿಗೊಮ್ಮೆ ಸಹಿ ಹಾಕುವಾಗ ಮಾತ್ರ.

ನಾಳೆ ಬರುವವರು ಎಣಿಸುವುದು ಏನನ್ನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಸಿರು ಕಟ್ಟಿದವರನ್ನು ಮಲಗಿಸಿ ಉಳಿಸಿಕೊಳ್ಳುವಂಥ ಹಾಸಿಗೆ ಇಡೀ ದೇಶದಲ್ಲಿ ಎಷ್ಟಿವೆ ಎಂಬ ಲೆಕ್ಕ. ಆಸ್ಪತ್ರೆ ಆಸ್ಪತ್ರೆಯ ಅಂಕಿಗಳೂ ಎಲ್ಲೋ ಒಂದು ಕಚೇರಿಯ ಪರದೆಯ ಮೇಲೆ ಮೂಡುತ್ತವೆ. ಅದನ್ನು ನೋಡಿಕೊಂಡು ಆಂಬುಲೆನ್ಸ್‌ಗಳನ್ನು ಕಳಿಸುತ್ತಾರೆ: ಇಲ್ಲಿ ತುಂಬಿದೆ, ಅಲ್ಲಿ ಖಾಲಿಯಿದೆ, ಅಲ್ಲಿಗೆ ಹೋಗಿ.

ಹೊಸ ಐಸಿಯು ಹಾಲ್‌ಗೆ ಪೈಪು ಎಳೆದ ವಾರ, ಯಾರೂ ಹೇಳದೆ ಕೇಳದೆ, ಅವನೊಂದು ಪರೀಕ್ಷೆ ಮಾಡಿದ್ದ. ಹಾಸಿಗೆಗೊಂದರಂತೆ ಗೋಡೆಯಲ್ಲಿ ಇಪ್ಪತ್ತನಾಲ್ಕು ಪಾಯಿಂಟು. ಪ್ರತಿಯೊಂದಕ್ಕೂ ಒಂದು ತಿರುಪು, ಒಂದು ಗಾಜಿನ ಕೊಳವೆ, ಕೊಳವೆಯೊಳಗೆ ಬಟಾಣಿ ಕಾಳಿನಷ್ಟು ಗುಂಡು. ತಿರುಪು ಬಿಟ್ಟರೆ ಆಕ್ಸಿಜನ್ನಿನ ರಭಸಕ್ಕೆ ಗುಂಡು ಮೇಲೇರಿ ನಿಲ್ಲುತ್ತದೆ. ಅವನು ಒಂದನ್ನು ಬಿಟ್ಟು, ಮುಚ್ಚದೆ, ಮುಂದಿನದಕ್ಕೆ ಹೋದ. ಹನ್ನೊಂದರವರೆಗೂ ಗುಂಡುಗಳು ಮೇಲೇ ಇದ್ದವು. ಹನ್ನೆರಡನೆಯದಕ್ಕೆ ಎಲ್ಲವೂ ಒಟ್ಟಿಗೆ ತುಸು ಕುಸಿದವು. ಹದಿನೇಳಕ್ಕೆ ಅರ್ಧಕ್ಕಿಂತ ಕೆಳಗೆ. ಇಪ್ಪತ್ತನಾಲ್ಕನ್ನೂ ಬಿಟ್ಟಾಗ, ಕಿಟಕಿ ಪಕ್ಕದ ಕೊನೆಯ ಹಾಸಿಗೆಯ ಗುಂಡು ತಳ ಬಿಟ್ಟು ಏಳಲೇ ಇಲ್ಲ. ಪೈಪು ಸಪೂರ, ಅಷ್ಟೇ ವಿಷಯ. ಹಾಸಿಗೆ ಎಷ್ಟಾದರೂ ಹಾಕಬಹುದು, ಒಟ್ಟಿಗೆ ಉಸಿರಾಡಬಲ್ಲವರು ಹನ್ನೊಂದೇ ಮಂದಿ.

ಅದನ್ನು ಸಾಹೇಬರಿಗೆ ಹೇಳಲು ಹೋಗಿದ್ದ. ಒಳಗೆ ಇನ್ನಿಬ್ಬರು ಡಾಕ್ಟರುಗಳು ಚಹ ಕುಡಿಯುತ್ತ ಕೂತಿದ್ದರು.

“ಹನ್ನೊಂದಾ? ಭಾರೀ ಲೆಕ್ಕ ಬರುತ್ತಲ್ಲೋ ನಿಂಗೆ. ಎಲ್ಲಿ, ಹನ್ನೊಂದರ ಮಗ್ಗಿ ಹೇಳು ನೋಡೋಣ.”

ಬಾಗಿಲ ಬಳಿ ನಿಂತು ಅವನು ಶುರು ಮಾಡಿದ. ಹನ್ನೊಂದು ಹತ್ತಲಿ ನೂರಾಹತ್ತರ ತನಕ ಸಲೀಸಾಗಿ ಬಂತು. “ಮುಂದೆ?” ಎಂದರು. ಮುಂದಿನದು ಬಾಯಿಗೆ ಬರಲಿಲ್ಲ. ಮೂವರೂ ನಕ್ಕರು. ಒಬ್ಬರ ಬಟ್ಟಲಿನಿಂದ ಚಹ ತುಳುಕಿತು. “ಹೊರೋನು ಹೊರು. ಎಣಿಸೋಕೆ ಓದಿದೋರಿದಾರೆ,” ಎಂದು ಸಾಹೇಬರು ನೆಲಕ್ಕೆ ಚೆಲ್ಲಿದ್ದನ್ನು ತೋರಿಸಿದರು. ಅವನು ಒರೆಸಿ ಬಂದ.

ಆಮೇಲೆ ಮೊದಲ ಎಣಿಕೆ. ಬಂದವರ ಫಾರ್ಮಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಈ ಹಾಸಿಗೆಗೆ ಆಕ್ಸಿಜನ್ ಬರುತ್ತದೆಯೇ? ಗಾಳಿ ಇಪ್ಪತ್ತನಾಲ್ಕು ಸಲ ತಿರುಪು ಬಿಟ್ಟ, ಇಪ್ಪತ್ತನಾಲ್ಕು ಸಲ ಮುಚ್ಚಿದ. ಒಂದೊಂದಾಗಿ ಬಿಟ್ಟಾಗ ಎಲ್ಲದರಲ್ಲೂ ಬಂತು. ಇಪ್ಪತ್ತನಾಲ್ಕು ಹೌದುಗಳಲ್ಲಿ ಒಂದೂ ಸುಳ್ಳಲ್ಲ. ಅವನು ಬಾಯಿ ಬಿಡಲಿಲ್ಲ.

*

ಮಧ್ಯಾಹ್ನದ ಬುತ್ತಿಯನ್ನು ಅವನು ಬಿಚ್ಚುತ್ತಿದ್ದುದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಇಸ್ತ್ರಿಯ ಜೊತೆ. ಇಸ್ತ್ರಿ ಎಂದರೆ ಅಲ್ಲಿನ ಹಾಸು, ಹೊದಿಕೆ, ಗೌನುಗಳನ್ನೆಲ್ಲ ಒಗೆದು ಮಡಿಸುವವನು. ಅವನು ಗಾಳಿಯನ್ನು ಭಾವ ಎನ್ನುತ್ತಿದ್ದ. ಅವನ ಹೆಂಡತಿ ಗಾಳಿಯನ್ನು ಅಣ್ಣಾ ಎಂದು ಕರೆದಿದ್ದರಿಂದ ಆದ ನೆಂಟಸ್ತನ.

ಹೋದ ವರ್ಷ ಜ್ವರ ಎದೆಗಿಳಿದು ಅವಳನ್ನು ಹಾಲ್‌ಗೆ ತಂದಾಗ ಅಲ್ಲಿ ಎಂಟೇ ಮಂದಿ ಇದ್ದರು. ಗಾಳಿಯೇ ಓಡಾಡಿ, ದೊಡ್ಡ ಸಿಸ್ಟರ್ ಹತ್ತಿರ ಬೇಡಿಕೊಂಡು, ಕಿಟಕಿ ಪಕ್ಕದ ಹಾಸಿಗೆ ಕೊಡಿಸಿದ್ದ. ನಮ್ಮವರು ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ. ಮೂರನೆಯ ದಿನ, ಪರದೆಯ ಮೇಲೆ ಇಲ್ಲಿ ಖಾಲಿ ಕಂಡದ್ದರಿಂದ, ಆಂಬುಲೆನ್ಸ್‌ಗಳು ಒಂದರ ಹಿಂದೊಂದು ಬಂದವು. ಬಿಡಿ ಸಿಲಿಂಡರುಗಳೆಲ್ಲ ಅವುಗಳ ಜೊತೆಗೇ ಹೊರಗೆ ಹೋಗಿದ್ದವು. ಊಟದ ಹೊತ್ತಿಗೆ ಹಾಲ್‌ನಲ್ಲಿ ಹದಿನೇಳು ಮಂದಿ.

ಅವಳು ಮುಖದ ಮಾಸ್ಕ್ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು.

“ಅಣ್ಣಾ, ಬರ್ತಾ ಇದೆಯಾ?”

ಪೈಪಿನ ಕೊನೆಯ ತುದಿಯಾದ್ದರಿಂದ ಅವಳ ಗುಂಡು ತಳದಲ್ಲಿ ನಡುಗುತ್ತಿತ್ತು. ಕಣ್ಣಳತೆಯಲ್ಲಿ ಇತ್ತು, ಕಾಣಲಿಲ್ಲ ಎನ್ನುವಂತಿರಲಿಲ್ಲ.

“ಬರ್ತಾ ಇದೆ ಕಣವ್ವಾ.”

ಮೂರು ಸಲ ಕೇಳಿದಳು. ಮೂರು ಸಲವೂ ಅದನ್ನೇ ಹೇಳಿದ. ನಾಲ್ಕು ಗಂಟೆಯ ಹೊತ್ತಿಗೆ ಕೇಳುವುದನ್ನು ನಿಲ್ಲಿಸಿದಳು. ಇಸ್ತ್ರಿ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. “ನೀನು ಪಕ್ಕದಲ್ಲೇ ಇದ್ದೆ ಭಾವ. ಅದಕ್ಕೇ ಅವಳು ಹೆದರ್ಲಿಲ್ಲ.”

ಅಲ್ಲಿಂದಾಚೆ ಇಸ್ತ್ರಿ ಬುತ್ತಿಯಲ್ಲಿ ಅರ್ಧ ಅವನಿಗೆ ತೆಗೆದಿಡುತ್ತಾನೆ. ಬೇಡ ಎಂದರೆ ಕೇಳುವವನಲ್ಲ. ಗಾಳಿ ತಲೆ ತಗ್ಗಿಸಿ ತಿನ್ನುತ್ತಾನೆ.

ಇವತ್ತೂ ಬಡಿಸಿದ.

“ತಿನ್ನು ಭಾವ. ಸಿಲಿಂಡರ್ ಹೊತ್ತು ಹೊತ್ತು ನೀನೇ ಬರೀ ಗಾಳಿ ಆಗಿದೀಯ. ಜೋರಾಗಿ ಸೀನಿದ್ರೆ ಹಾರಿ ಹೋಗ್ತೀಯ.” ತಾನೇ ನಕ್ಕು, ಕೈ ಒರೆಸಿಕೊಂಡ. “ಅಮ್ಮಂಗೂ ಅದೇ ಕೆಮ್ಮು ಶುರುವಾಗಿದೆ ಕಣೋ. ಸೇರಿಸ್ಬೇಕಾಗಿ ಬಂದ್ರೆ ಆ ಕಿಟಕಿ ಹಾಸಿಗೇನೇ ಕೊಡ್ಸು.”

ಗಾಳಿ ಎತ್ತಿದ ತುತ್ತನ್ನು ಬುತ್ತಿಗೇ ಇಟ್ಟ.

“ಅದು ಬೇಡ.”

“ಯಾಕೆ?”

ಹೇಳಿಬಿಡಬೇಕೆಂದು ಬಾಯಿ ತೆರೆದ. ಇಸ್ತ್ರಿ ಬುತ್ತಿಯ ಮುಚ್ಚಳದಲ್ಲಿ ಅವನಿಗೆಂದು ನೀರು ಬಗ್ಗಿಸುತ್ತಿದ್ದ.

“ಬಿಸಿಲು ಬೀಳುತ್ತೆ,” ಎಂದ ಗಾಳಿ.

“ಪರದೆ ಕಟ್ಟಿದ್ರಾಯ್ತು ಬಿಡು. ಕಟ್ಟೋದು ನಾನೇ ತಾನೇ.”

*

ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಮೂವರೇ ರೋಗಿಗಳಿದ್ದರು, ಮೊದಲ ಮೂರು ಹಾಸಿಗೆಗಳಲ್ಲಿ. ಗಾಳಿ ಮೂರು ತುಂಬಿದ ಸಿಲಿಂಡರುಗಳನ್ನು ಉರುಳಿಸಿ ತಂದು ತಲೆದೆಸೆಗೆ ನಿಲ್ಲಿಸಿದ.

“ಸಿಸ್ಟರ್, ಇವರನ್ನ ಲೈನಿಂದ ಬಿಡಿಸಿ ಸಿಲಿಂಡರಿಗೆ ಹಾಕ್ಬೇಕು. ಎರಡು ಗಂಟೆ ಮಟ್ಟಿಗೆ.”

“ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ.”

ದೊಡ್ಡ ಸಿಸ್ಟರ್ ಅವನ ಮುಖ ನೋಡಿದರು. ಆವತ್ತು ಹದಿನೇಳು ಮಂದಿಯ ನಡುವೆ ಓಡಾಡಿದವರು ಅವರೇ. ಏನನ್ನೂ ಕೇಳದೆ ತಾವೇ ನಳಿಗೆ ಬದಲಿಸಿದರು, ಮೂವರ ಬೆರಳಿಗೂ ಕ್ಲಿಪ್ಪು ಹಾಕಿ ಅಂಕಿ ನೋಡಿದರು.

“ಎರಡು ಗಂಟೆ. ಒಂದು ನಿಮಿಷ ಜಾಸ್ತಿ ಆದ್ರೆ ನಿನ್ನ ಚರ್ಮ ಸುಲೀತೀನಿ.”

ಎಣಿಸಲು ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಆ ವಾರದಲ್ಲಿ ಇದು ಅವರ ಆರನೆಯ ಆಸ್ಪತ್ರೆ. ಕೈಯಲ್ಲಿ ಫಾರ್ಮು ತುಂಬುವ ಟ್ಯಾಬು, ಕಾಲು ನೋಯುತ್ತಿದ್ದ ನಡಿಗೆ. ಸಾಹೇಬರು ನಗುತ್ತ ಪಕ್ಕಕ್ಕೆ ನಿಂತರು. ಹಾಲ್‌ನ ಆ ತುದಿಯಲ್ಲಿ ಇಸ್ತ್ರಿ ಕೊನೆಯ ಹಾಸಿಗೆಗೆ ಬಿಳಿಯ ಹಾಸು ಹೊದಿಸುತ್ತಿದ್ದ. ಇಪ್ಪತ್ತನಾಲ್ಕಕ್ಕೂ ಹೊಸ ಹಾಸು ಬೀಳಬೇಕೆಂದು ಅಪ್ಪಣೆಯಾಗಿತ್ತು.

ಗಾಳಿ ಒಂದನೆಯದನ್ನು ಬಿಟ್ಟ. ಗುಂಡು ಏರಿತು. “ಹೌದು,” ಎಂದು ಅಧಿಕಾರಿ ಬೆರಳೊತ್ತಿದರು. ಅವನು ಮುಚ್ಚದೆ ಮುಂದೆ ನಡೆದ. ಎರಡು. ಮೂರು. ಬುಸ್ಸೆನ್ನುವ ಸದ್ದು ಬೆಳೆಯಿತು.

ಐದನೆಯದಕ್ಕೆ ಸಾಹೇಬರಿಗೆ ಗೊತ್ತಾಯಿತು. “ಮುಚ್ಚಪ್ಪಾ, ಸುಮ್ನೆ ದಂಡ ಆಗುತ್ತೆ,” ಎಂದರು. ನಗು ಹಲ್ಲಿನಲ್ಲಷ್ಟೇ ಉಳಿದಿತ್ತು.

“ಮುಚ್ತೀನಿ ಸಾರ್,” ಎನ್ನುತ್ತ ಆರನೆಯದನ್ನು ಬಿಟ್ಟ. ಅವನ ಕೈ ಬೆವರಿ ತಿರುಪು ಜಾರುತ್ತಿತ್ತು. ಅಂಗಿಯ ತುದಿಯಿಂದ ಹಿಡಿದು ತಿರುಗಿಸಿದ.

ಹನ್ನೆರಡನೆಯದಕ್ಕೆ ಗುಂಡುಗಳು ಕುಸಿದವು. ಅಧಿಕಾರಿ ತಲೆಯೆತ್ತಿದರು. “ಯಾಕೆ ಇಳೀತು?”

“ಪೂರ್ತಿ ನೋಡಿ ಮೇಡಂ.”

ಸಾಹೇಬರು ಅವನ ಕೊರಳಪಟ್ಟಿಗೆ ಕೈ ಹಾಕಿದರು. “ಹಲ್ಕಾ ನನ್ಮಗನೆ, ತಿಂದ ಮನೆಗೆ ಕೊಳ್ಳಿ ಇಡ್ತೀಯಾ? ಮುಚ್ಚೋ ಎಲ್ಲಾನೂ.” ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ಗಾಳಿ ಬಿಡಿಸಿಕೊಂಡು ಹದಿಮೂರಕ್ಕೆ ಹೋದ. ಹದಿನಾಲ್ಕು, ಹದಿನೈದು. ಸದ್ದು ಈಗ ಬೆಳೆಯುತ್ತಿರಲಿಲ್ಲ, ತೆಳುವಾಗುತ್ತಿತ್ತು. ಕೊನೆಗೆ ಇಸ್ತ್ರಿಯ ಪಕ್ಕ ನಿಂತು ಇಪ್ಪತ್ತನಾಲ್ಕನೆಯ ತಿರುಪನ್ನು ಪೂರ್ತಿ ಬಿಟ್ಟ.

ಗುಂಡು ಏಳಲಿಲ್ಲ.

ಅಧಿಕಾರಿ ಬಗ್ಗಿ ನೋಡಿದರು, ತಿರುಗಿ ಸಾಲನ್ನೆಲ್ಲ ನೋಡಿದರು. “ಒಂದೊಂದಾಗಿ ಬಿಟ್ರೆ ಬರುತ್ತೆ, ಅಲ್ವಾ?”

“ಬರುತ್ತೆ.”

“ಫಾರ್ಮಲ್ಲಿ ಕೇಳಿರೋದು ಅಷ್ಟೇ.” ಅವರ ದನಿ ಸಣ್ಣದಾಗಿತ್ತು. ಅವನ ಮುಖ ನೋಡಿ ಹೇಳಲಿಲ್ಲ.

“ನೋಡಿದ್ರಾ? ಬರುತ್ತೆ ಅಂತ ಅವನೇ ಒಪ್ಕೊಂಡ,” ಎಂದರು ಸಾಹೇಬರು.

ಇಸ್ತ್ರಿಯ ಕೈಯಲ್ಲಿ ಹಾಸಿನ ಅಂಚು ಹಾಗೇ ಇತ್ತು. ಅವನು ಆ ಗಾಜಿನ ಕೊಳವೆಯನ್ನೇ ನೋಡುತ್ತಿದ್ದ.

“ಆವತ್ತು ಇಲ್ಲಿ ಎಷ್ಟು ಜನ ಇದ್ರು?”

“ಹದಿನೇಳು,” ಎಂದ ಗಾಳಿ.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವಳು ಕೇಳಿದಾಗ?”

“ಆಗಲೂ.”

ಇಸ್ತ್ರಿ ಬೈಯಲಿಲ್ಲ. ಹೊಡೆಯಲಿ ಎಂದು ಗಾಳಿ ಕಾದ, ಅದೂ ಆಗಲಿಲ್ಲ. ಇಸ್ತ್ರಿ ತಾನು ಆಗಷ್ಟೇ ನಾಲ್ಕೂ ಮೂಲೆಗೆ ಸಿಕ್ಕಿಸಿದ್ದ ಹಾಸನ್ನು ಒಂದೇ ಎಳೆತಕ್ಕೆ ಕಿತ್ತು ತೋಳಿಗೆ ಹಾಕಿಕೊಂಡ. ರೆಕ್ಸಿನ್ ಬರಿದಾಗಿ ಕಂಡಿತು. ಇಪ್ಪತ್ತಮೂರಕ್ಕೆ ಹೋದ, ಅದನ್ನೂ ಕಿತ್ತ. ಇಪ್ಪತ್ತೆರಡು.

“ಏಯ್, ಏನೋ ಮಾಡ್ತಿದೀಯ? ನಿಂಗೂ ತಲೆ ಕೆಡ್ತಾ?” ಸಾಹೇಬರು ಕೂಗಿದರು. “ಯಾರಲ್ಲಿ, ಸೆಕ್ಯುರಿಟಿ ಕರೀರಿ.” ದೊಡ್ಡ ಸಿಸ್ಟರ್ ಬಾಗಿಲ ಬಳಿಯೇ ಇದ್ದರು. ಅವರು ಮೂವರು ರೋಗಿಗಳ ಅಂಕಿ ಬರೆದುಕೊಳ್ಳುವುದರಲ್ಲಿ ಮುಳುಗಿದ್ದರು.

ಇಸ್ತ್ರಿ ಅವಸರ ಮಾಡಲಿಲ್ಲ. ಹಾಸಿಗೆಯಿಂದ ಹಾಸಿಗೆಗೆ, ದಿನದ ಕೆಲಸದಂತೆಯೇ, ಎಳೆದು, ಮಡಚಿ, ತೋಳಿಗೆ. ಹದಿನಾಲ್ಕಕ್ಕೆ ಬಂದಾಗ ತಿರುಗಿ ನೋಡದೆ ಕೇಳಿದ:

“ಎಲ್ಲಿ ತನಕ?”

“ಹನ್ನೆರಡು.”

ಹನ್ನೆರಡನೆಯ ಹಾಸನ್ನೂ ಎಳೆದು ನಿಂತ. ಈಚೆಗೆ ಹನ್ನೊಂದು ಬಿಳಿ, ಆಚೆಗೆ ಹದಿಮೂರು ಬರಿಮೈ. ಅಧಿಕಾರಿಯ ಬೆರಳು ಟ್ಯಾಬಿನ ಮೇಲೆ ಎದ್ದೇ ಇತ್ತು, ಎಲ್ಲಿಯೂ ಒತ್ತಿರಲಿಲ್ಲ.

ತೋಳಿನ ತುಂಬ ಹಾಸು ಹೊತ್ತು ಇಸ್ತ್ರಿ ಬಾಗಿಲ ಕಡೆ ಬಂದ. ಎದುರಿಗೆ ಗಾಳಿ ನಿಂತಿದ್ದ, ಒಂದು ಕೈ ಗುಂಡಿ ಕಿತ್ತ ಅಂಗಿಯ ಮೇಲೆ.

“ದಾರಿ ಬಿಡಿ,” ಎಂದ ಇಸ್ತ್ರಿ.

ಗಾಳಿ ಪಕ್ಕಕ್ಕೆ ಸರಿದ.