ಗೆಡ್ಡೆಗೊಂದು ಕಾಲುವೆ

ಹೊನ್ನೂರಮ್ಮನ ದವಡೆಯ ಕೆಳಗಿನ ಗೆಡ್ಡೆ ಮೊದಲು ಹುಣಸೆಬೀಜದಷ್ಟಿತ್ತು. ಸಸಿ ಹಚ್ಚಲು ಬಗ್ಗಿದರೆ ಜಗ್ಗುತ್ತಿತ್ತು. ಬುಕ್ಕಸಾಗರದ ಗದ್ದೆಯಲ್ಲಿ ಬಗ್ಗದವರಿಗೆ ಕೂಲಿ ಇಲ್ಲ. ಗೆಡ್ಡೆ ಜಗ್ಗಿದರೂ ಗದ್ದೆ ಬಿಡಲಿಲ್ಲ.

ಆ ವರ್ಷ ರೈಸ್‌ಮಿಲ್ಲಿನ ಜಡೆಪ್ಪನವರು ಮಿಲ್ಲಿನ ಅಂಗಳದಲ್ಲಿ ಉಚಿತ ತಪಾಸಣೆ ಇಡಿಸಿದರು. ಬಳ್ಳಾರಿಯಿಂದ ಬಂದ ಡಾಕ್ಟರು ಗೆಡ್ಡೆ ಒತ್ತಿ ನೋಡಿ, "ಜಲ್ದಿ ಕೊಯ್ಸವ್ವ. ತಡ ಮಾಡಿದ್ರ ಕೆಟ್ಟದ್ದು" ಎಂದರು. ಆಮೇಲೆ ಊಟ ಮಾಡಿ, ಶಾಲು ಹೊದ್ದು ಹೋದರು.

ಆಸ್ಪತ್ರೆಗೆಂದು ಹೊರಟ ಹೊನ್ನೂರಮ್ಮನನ್ನು ತಡೆದವನು ಜಡೆಪ್ಪನವರ ಅಳಿಯ ಕೊಟ್ರೇಶ. ಅವನೂ ಡಾಕ್ಟರಾಗುವವನೇ, ಆದರೆ ಗಣಿತದಲ್ಲಿ. ಗೆಡ್ಡೆ ಹೇಗೆ ಬೆಳೆಯುತ್ತದೆ, ಅದಕ್ಕೆ ರಕ್ತ ಯಾವ ದಾರಿಯಲ್ಲಿ ಬರುತ್ತದೆ ಎಂಬುದಕ್ಕೆ ಸಮೀಕರಣ ಬರೆಯುತ್ತಿದ್ದ. ಸಮೀಕರಣ ಸಿಕ್ಕಿತ್ತು, ಗೆಡ್ಡೆ ಸಿಕ್ಕಿರಲಿಲ್ಲ.

"ಅಮ್ಮಾ, ಭಯ ಬೇಡ" ಎಂದ, ಅಚ್ಚುಹಾಕಿದ ಕನ್ನಡದಲ್ಲಿ. "ದೊಡ್ಡಾಸ್ಪತ್ರೆಯಲ್ಲಿ ನಿಮ್ಮಂಥವರನ್ನು ಕೇಳುವವರಿಲ್ಲ. ಸರ್ಜನ್ ನನಗೆ ಪರಿಚಯ. ನಾನೇ ಜೀಪಿನಲ್ಲಿ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ವಾರಕ್ಕೊಂದು ಅಳತೆ, ಅಷ್ಟೇ."

ಹೊನ್ನೂರಮ್ಮನ ಗಂಡ ಗಾಳೆಪ್ಪ ಊರಿನ ನೀರುಗಂಟಿ. ಕಾಲುವೆಯ ತೂಬು ತೆಗೆದು ಮುಚ್ಚಿ, ಪಾಳಿಯಂತೆ ಗದ್ದೆಗಳಿಗೆ ನೀರು ಬಿಡುವವನು. ಅವನು ಕೈಮುಗಿದ. "ಜೀಪಿನ್ಯಾಗ ಅಂದ್ರ ಮತ್ತೇನ್ರಿ!"

ಸೋಮವಾರ ಬಂತೆಂದರೆ ಕೊಟ್ರೇಶ ಅಳತೆಯ ಉಕ್ಕಿನ ಇಕ್ಕಳ ಹಿಡಿದು ಬರುತ್ತಿದ್ದ. "ಅಲುಗಾಡಬೇಡಿ ಅಮ್ಮ." ಗೆಡ್ಡೆ ಬೆಳೆದಿದ್ದರೆ ಅವನ ಮುಖವೂ ಅರಳುತ್ತಿತ್ತು. "ಮಾರ್ವಲಸ್!" ಸಾಹೇಬರು ನಕ್ಕರಲ್ಲ ಎಂದು ಹೊನ್ನೂರಮ್ಮನಿಗೂ ಸಮಾಧಾನ.

ಪಕ್ಕದ ಮನೆಯ ತಾಯಕ್ಕ ಮಾತ್ರ ಬಿಡುತ್ತಿರಲಿಲ್ಲ. ಒಲೆಯ ಇಕ್ಕಳದಿಂದ ಹುಂಜದ ಕೊರಳು ಹಿಡಿದು, ಮೂಗಿನಲ್ಲೇ ಮಾತಾಡುತ್ತಿದ್ದಳು: "ಅಲುಗಾಡಬೇಡಿ ಅಮ್ಮ! ಮಾರ್ವಲಸ್ಸು!" ಓಣಿಯೆಲ್ಲ ನಗುತ್ತಿತ್ತು. ಹುಂಜ ಮಾತ್ರ ಅಲುಗಾಡುತ್ತಿತ್ತು.

"ಕೊಯ್ಸೋದು ಯಾವಾಗ್ರಿ?" ಎಂದು ಹೊನ್ನೂರಮ್ಮ ಕೇಳಿದರೆ ಒಂದೇ ಉತ್ತರ.

"ಬೆಳೆದು ಬೆಳೆದು ಒಂದು ಹಂತಕ್ಕೆ ನಿಧಾನವಾಗಬೇಕು ಅಮ್ಮ. ಗ್ರಾಫಿನ ಗೆರೆ ಬಾಗಬೇಕು. ಬಾಗಲಿ, ಕೊಯ್ಸೋಣ. ಈಗ ಕೊಯ್ದರೆ ಗ್ರಾಫು ಅರ್ಧಕ್ಕೇ ನಿಲ್ಲುತ್ತದೆ."

ಗೆಡ್ಡೆ ಲಿಂಬೆಹಣ್ಣಿನಷ್ಟಾಯಿತು. ಗೆರೆ ಬಾಗಲಿಲ್ಲ.

ಒಂದು ದಿನ ಮಿಲ್ಲಿನ ಕಟ್ಟೆಯ ಮೇಲೆ ಕೊಟ್ರೇಶನಿಗೆ ಜನಕ್ಕೆ ತಿಳಿಹೇಳುವ ಹುಮ್ಮಸ್ಸು ಬಂತು. "ಗೆಡ್ಡೆ ಸಣ್ಣದಿದ್ದಾಗ ಅಕ್ಕಪಕ್ಕದ ಬಸಿನೀರು ಕುಡಿದು ಬದುಕುತ್ತದೆ. ದೊಡ್ಡದಾದಂತೆ ಅದು ಸಾಲುವುದಿಲ್ಲ. ಆಗ ಹತ್ತಿರದ ರಕ್ತನಾಳಕ್ಕೆ ಹೇಳಿಕಳಿಸುತ್ತದೆ. ನಾಳ ಕವಲೊಡೆದು ಅದರ ಕಡೆಗೇ ಬರುತ್ತದೆ. ಮುಂದಿನವರಿಗೆ ಕೊರತೆ, ಇದಕ್ಕೆ ಸಮೃದ್ಧಿ."

"ಅಂದ್ರ ನಮ್ಮ ಯಜಮಾನ್ರ ಮರಡಿ ಗದ್ದಿ ಇದ್ದಂಗಾತು" ಎಂದಳು ತಾಯಕ್ಕ.

ಎಲ್ಲರೂ ನೆಲ ನೋಡಿದರು. ಕಾಲುವೆಯ ಲೆಕ್ಕದಲ್ಲೇ ಇಲ್ಲದ ಆ ಕಲ್ಲುನೆಲದ ಮರಡಿಯಲ್ಲಿ ಜಡೆಪ್ಪನವರು ಭತ್ತ ಬೆಳೆಯುತ್ತಿದ್ದರು. ಏರಿಯ ಅಡಿಯಲ್ಲಿ ಕಳ್ಳ ಪೈಪು. ಕಾಲುವೆಯ ಕೊನೆಭಾಗದ ತಾಯಕ್ಕನ ತುಂಡು ಗದ್ದೆಯಲ್ಲಿ ಬಿರುಕು. ಗಾಳೆಪ್ಪನಿಗೆ ಊರಿನ ತೂಬುಗಳೆಲ್ಲ ಕಾಣುತ್ತಿದ್ದವು, ಅದೊಂದು ಪೈಪು ಬಿಟ್ಟು.

ಜಡೆಪ್ಪನವರು ಮೀಸೆ ತಿರುವಿದರು. "ನೋಡ್ರಿ ಅಳಿಯಾರ! ನನ್ನ ಗದ್ದ್ಯಾಗೂ ಗಣಿತ ಐತಿ!"

ಹೊನ್ನೂರಮ್ಮ ನಗಲಿಲ್ಲ. ಅವಳಿಗೆ ಹೊಳೆದದ್ದೇ ಬೇರೆ. ಬೇಡದ ಗದ್ದೆಗೆ ನೀರು ಹೋದರೆ ಗಂಡ ಏನು ಮಾಡುತ್ತಾನೆ? ಹುಲ್ಲು, ಕೆಸರು, ಚಿಂದಿ ಸೇರಿಸಿ ತೂಬಿನ ಬಾಯಿಗೆ ಜಡಿಯುತ್ತಾನೆ. ಅವಳೂ ಗೆಡ್ಡೆಯ ಸುತ್ತ ಕೆಸರು ಮೆತ್ತಿ, ಹಳೇ ಸೀರೆಯ ಹಸಿರು ಅಂಚು ಹರಿದು, ಕುತ್ತಿಗೆಗೆ ಬಿಗಿದು ಕಟ್ಟಿದಳು. ಗಂಟಲಲ್ಲಿ ಅನ್ನ ಇಳಿಯದಿದ್ದರೂ ಬಿಚ್ಚಲಿಲ್ಲ.

ಸೋಮವಾರ ಕೊಟ್ರೇಶ ಪಟ್ಟಿ ಬಿಚ್ಚಿದ. ಕುತ್ತಿಗೆಯೆಲ್ಲ ಬಾತು ಕೆಂಪಗಾಗಿತ್ತು. ಗೆಡ್ಡೆಯ ಅಂಚೇ ಇಕ್ಕಳಕ್ಕೆ ಸಿಗಲಿಲ್ಲ.

"ಏನಮ್ಮಾ ಇದು! ಇಷ್ಟು ದಿನದ ಅಳತೆ ಹಾಳು ಮಾಡಿದಿರಲ್ಲ!" ಅವನ ಕಣ್ಣಲ್ಲಿ ನೀರೇ ಬಂತು. "ಕಟ್ಟಿದ್ದನ್ನು ಬಿಚ್ಚಿದರೆ ಗೆಡ್ಡೆ ಮೊದಲಿಗಿಂತ ಜೋರಾಗಿ ಬೆಳೆಯುತ್ತದೆ, ಗೊತ್ತೇ?"

"ನೋವು ಭಾಳ ಐತ್ರಿ. ಈಗರ ಕೊಯ್ಸ್ರಿ" ಎಂದಳು.

"ಈಗಲೇ ಹೇಗಾಗುತ್ತದೆ? ಬಾವು ಇಳಿಯಲಿ. ಹೊಸದಾಗಿ ಶುರು ಮಾಡೋಣ. ಸುಗ್ಗಿಯ ಹೊತ್ತಿಗೆ ಗೆರೆ ಬಾಗಬಹುದು."

ಬಾಗಿಲಲ್ಲಿ ನಿಂತ ಗಾಳೆಪ್ಪ ಕೇಳಿಸಿಕೊಂಡ. ನೆಲಕ್ಕೆ ಬಿದ್ದ ಹಸಿರು ಅಂಚು ಎತ್ತಿಕೊಂಡು ನಡೆದ.

ಭತ್ತ ಹೊಡೆ ಕಟ್ಟುವ, ನೀರು ತಪ್ಪಬಾರದ ಹೊತ್ತು. ಬೆಳಗಾದರೆ ಜಡೆಪ್ಪನವರ ಮರಡಿಗೆ ನೀರಿಲ್ಲ! ಅಳಿಯನನ್ನು ಹಿಂದೆ ಕೂರಿಸಿಕೊಂಡು ಬೈಕು ಹಾರಿಸಿ ಏರಿಗೆ ಬಂದರೆ ಪೈಪಿನ ಬಾಯಿಗೆ ಹುಲ್ಲು, ಕೆಸರು, ಹಸಿರು ಅಂಚು. ಅದರ ಮೇಲೆ ಗಾಳೆಪ್ಪ. ಅವನ ಅಕ್ಕಪಕ್ಕ ಸಸಿ ಹಚ್ಚುವ ಹೆಣ್ಣಾಳುಗಳೆಲ್ಲ, ಎಲೆಅಡಿಕೆ ಹಾಕುತ್ತ.

"ಲೇ ಗಾಳ್ಯಾ! ತಲಿ ನೆಟ್ಟಗೈತೇನಲೇ? ತೆಗಿ!"

"ಅಲುಗಾಡಬ್ಯಾಡ್ರಿ ಯಜಮಾನ್ರ" ಎಂದ ಗಾಳೆಪ್ಪ. ಗದ್ದೆಯಲ್ಲಿ ನೆಟ್ಟ ಕೋಲು ತೋರಿಸಿದ. "ಅಳತಿ ನಡದೈತಿ. ನೀರು ನಿಂತ್ರ ಗದ್ದಿ ಹೆಂಗ ಒಣಗ್ತತಿ ಅಂತ."

"ಬೆಳಿ ಸಾಯ್ತತಲೇ!"

ತಾಯಕ್ಕ ಮೂಗು ಹಿಡಿದಳು. "ಭಯ ಬೇಡ ಯಜಮಾನರೇ! ಗೆರೆ ಬಾಗಲಿ, ಬಿಡೋಣ. ಮಾರ್ವಲಸ್ಸು!"

"ಪೊಲೀಸ್ರನ್ನ ಕರಸ್ತೀನಿ!"

"ಕರಸ್ರಿ. ಯಾವ ಪೈಪು ಅಂತ ಕೇಳ್ತಾರ, ತೋರಸ್ರಿ" ಎಂದ ಗಾಳೆಪ್ಪ.

ಜಡೆಪ್ಪನವರು ಅಳಿಯನತ್ತ ನೋಡಿದರು. ಕೊಟ್ರೇಶ ಮೊದಲ ಸಲ ಗಣಿತ ಬಿಟ್ಟು ಜೀಪಿನ ಕೀಲಿ ಹುಡುಕಿದ. ಮಧ್ಯಾಹ್ನ ಜೀಪು ಗಾಳೆಪ್ಪನ ಓಣಿಗೆ ತಾನಾಗಿ ಬಂತು. ಹೊನ್ನೂರಮ್ಮ ಮುಂದಿನ ಸೀಟಿನಲ್ಲೇ ಕೂತಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಕುತ್ತಿಗೆ ಮುಟ್ಟಿದವರು ಬೈದರು. "ಇಷ್ಟು ದಿನ ಏನು ಮಾಡ್ತಿದ್ದಿ? ಅವತ್ತೇ ಹೇಳಿದ್ದೆ. ಯಾಕ ಕಾದಿ?"

ಕೊಟ್ರೇಶ ಕಿಟಕಿಯ ಹೊರಗೆ ನೋಡಿದ.

"ಕಾದಿಲ್ರಿ ಸಾಹೇಬ್ರ" ಎಂದಳು ಹೊನ್ನೂರಮ್ಮ. "ಬೆಳಸ್ಯಾರ."

ಕೊಯ್ಯುತ್ತೇವೆ, ಬೇರು ಎಲ್ಲಿವರೆಗೆ ಇಳಿದಿದೆಯೋ ತೆರೆದ ಮೇಲೆ ಹೇಳುತ್ತೇವೆ ಎಂದರು. ಅವಳಿಗೆ ಮಂಚ ಸಿಕ್ಕಿತು.

ಸಂಜೆ ಜೀಪು ಏರಿಗೆ ಬಂತು. ಅಷ್ಟರಲ್ಲಿ ತಾಯಕ್ಕನ ತುಂಡು ಗದ್ದೆಯ ಬಿರುಕಿನಲ್ಲಿ ನೀರು ಗುಳುಗುಳು ಇಳಿಯುತ್ತಿತ್ತು. ಕೊನೆಭಾಗದವರು ಮಕ್ಕಳನ್ನು ಕಟ್ಟಿಕೊಂಡು ಅದನ್ನೇ ನೋಡುತ್ತಿದ್ದರು.

"ಆಸ್ಪತ್ರಿಗೆ ಸೇರಿಸಿ ಬಂದೀವಲ್ಲ, ಇನ್ನ ತೆಗಿಯೋ" ಎಂದರು ಜಡೆಪ್ಪನವರು. ದನಿ ಮೆತ್ತಗಾಗಿತ್ತು.

ಗಾಳೆಪ್ಪ ಪೈಪಿನ ಬಾಯಿಗೆ ಇನ್ನೊಂದು ಹಿಡಿ ಕೆಸರು ಮೆತ್ತಿದ.

"ಹೆಂಗ್ ತೆಗೀಲ್ರಿ? ಕಟ್ಟಿದ್ದನ್ನ ಬಿಚ್ಚಿದ್ರ ಮೊದ್ಲಿಗಿಂತ ಜೋರು ಬೆಳೀತತಂತ. ನಿಮ್ಮ ಅಳಿಯಾರ ಹೇಳ್ಯಾರ."