ಸ್ತಾಮೆನಾ ಮುಚ್ಚದ ಕಿಟಕಿ

ದೊಬ್ರಿಲಾ ನಿದ್ದೆಯಲ್ಲೇ ಸತ್ತಾಗ ಊರಿನವರೆಲ್ಲ ಆಡಿದ್ದು ಒಂದೇ ಮಾತು. "ಪುಣ್ಯವಂತೆ ಕಣ್ರೀ, ಯಾರ ಕೈಲೂ ಮಾಡಿಸಿಕೊಳ್ಳದೆ ಹೋದಳು." ಐವತ್ತೆರಡಕ್ಕೇ ಹೋಗಿಬಿಡೋದು ಎಂಥ ಪುಣ್ಯವೋ ಏನೋ. ಅವಳ ತಂಗಿ ರಾದೊಯ್ಕಾಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಗೇಟಿಗೆ ಅಂಟಿಸಿದ ಸಾವಿನ ಚೀಟಿಯಲ್ಲಿ ಅಕ್ಕನ ಫೋಟೋ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅದನ್ನು ಕೀಳಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಅವರ ತಾಯಿ ಸ್ತಾಮೆನಾ ಪುಣ್ಯದ ಮಾತು ಒಪ್ಪಲೇ ಇಲ್ಲ. ಮಗಳನ್ನು ಕೊಂದದ್ದು ಹಾಯುಗಾಳಿ, ಕಿಟಕಿಯಿಂದ ನುಗ್ಗಿ ಮೈಮೇಲೆ ಹಾಯುವ ಗಾಳಿ ಅಂತ ಅವಳ ಗಟ್ಟಿ ನಂಬಿಕೆ. ಮೊರಾವಾ ನದಿ ದಂಡೆಯ ಆ ಹಳ್ಳಿಗಳಲ್ಲಿ ಹಾಯುಗಾಳಿಗೆ ಹೆದರದವರಿಲ್ಲ. ಬಸ್ಸಿನಲ್ಲಿ ಎರಡು ಕಿಟಕಿ ಒಟ್ಟಿಗೆ ತೆಗೆದರೆ ಜಗಳವೇ ಆಗುತ್ತದೆ. ಸೊಂಟ ಹಿಡಿದರೂ ಹಾಯುಗಾಳಿ, ಬಾಯಿ ಸೊಟ್ಟಗಾದರೂ ಹಾಯುಗಾಳಿ. ತಾಯಿಯ ಜೊತೆಗೇ ಇದ್ದ ದೊಬ್ರಿಲಾ ರಾತ್ರಿ ಎದ್ದೆದ್ದು ಕಿಟಕಿ ತೆಗೆಯುತ್ತಿದ್ದಳು. ತಾಯಿ ಎದ್ದು ಬೈದು ಮುಚ್ಚುತ್ತಿದ್ದಳು. ಕೊನೆಯ ರಾತ್ರಿ ತಾಯಿಗೆ ತೀರಾ ಸುಸ್ತಾಗಿತ್ತು, ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಕಿಟಕಿ ತೆರೆದೇ ಇತ್ತು, ಮಗಳ ಮೈ ತಣ್ಣಗಾಗಿತ್ತು.

ಆಮೇಲೆ ಸ್ತಾಮೆನಾ ಕಿರಿಮಗಳ ಮನೆಗೆ ಬಂದಳು. ರಾದೊಯ್ಕಾಳ ಗೊರಕೆ ತಡೆಯಲಾರದೆ ಗಂಡ ಮಿಲಿಸಾವ್ ಹಾಸಿಗೆ ಸುತ್ತಿಕೊಂಡು ಅಂಗಳದಾಚೆಯ ಬೇಸಿಗೆ ಅಡುಗೆಮನೆ ಸೇರಿದ್ದ. ಅವನ ಜಾಗದಲ್ಲಿ ತಾಯಿ ಮಲಗಿದಳು. ಬಂದವಳೇ ಮಾಡಿದ ಮೊದಲ ಕೆಲಸ, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದ್ದು.

ಸೆಪ್ಟೆಂಬರ್ ಬಂತು. ಕೆಂಪು ದಪ್ಪಮೆಣಸಿನಕಾಯಿ ಸುಟ್ಟು, ಸಿಪ್ಪೆ ತೆಗೆದು, ಚಳಿಗಾಲಕ್ಕೆ ಆಯ್ವಾರ್ ಗೊಜ್ಜು ಕಾಯಿಸುವ ಕಾಲ. ಒಬ್ಬರ ಅಂಗಳದಲ್ಲಿ ಎಲ್ಲ ಹೆಂಗಸರೂ ಸೇರಿ ಕೂರುತ್ತಾರೆ. ಗೊಜ್ಜಿಗೆ ಕೈ ಬಿಡದೆ ಸೌಟಾಡಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ರಾದೊಯ್ಕಾಳ ಸರದಿ ಬಂತು. ಸ್ಟೂಲಿನ ಮೇಲೆ ಕೂತು ತಿರುವುತ್ತಿದ್ದವಳು ಹಾಗೇ ಮುಂದಕ್ಕೆ ವಾಲಿದಳು. ಮೊಳಕೈ ಹೋಗಿ ಕಾದ ಪಾತ್ರೆಯ ಅಂಚಿಗೆ ಒರಗಿತು. ಸುಟ್ಟ ಮೇಲೂ ಅವಳಿಗೆ ಎಚ್ಚರವಾಗಲು ಒಂದು ಗಳಿಗೆ ಬೇಕಾಯಿತು.

"ಹಗಲು ಹೊತ್ತಲ್ಲಿ ನಿದ್ದೆ ಮಾಡೋಕೆ ಇವಳಿಗೆ ಬೇರೆ ಜಾಗ ಸಿಗಲಿಲ್ವೇನೇ?" ಅಂತ ಒಬ್ಬಳು ನಕ್ಕಳು. ಗಾಯ ನೋಡಿದ ಮೇಲೆ ನೀರು ತರಲು ಓಡಿದಳು.

ಪಕ್ಕದ ಮನೆಯ ವಿದೊಸಾವಾ ಮಾತ್ರ ನಕ್ಕಿರಲಿಲ್ಲ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಸುಟ್ಟ ಕೈಗೆ ತಣ್ಣೀರು ಬಿಡುತ್ತ ಕೇಳಿದಳು. "ಬೆಳಿಗ್ಗೆ ಎದ್ದಾಗ ತಲೆ ಭಾರ ಇರುತ್ತಾ ನಿಂಗೆ?"

"ಇರುತ್ತೆ."

"ರಾತ್ರಿ ಉಸಿರು ಕಟ್ಟಿದ ಹಾಗಾಗಿ ಎಚ್ಚರ ಆಗುತ್ತಾ?"

ರಾದೊಯ್ಕಾ ಥಟ್ಟನೆ ತಲೆ ಎತ್ತಿ ನೋಡಿದಳು. ಅಕ್ಕನೂ ಹಾಗೇ ಅನ್ನುತ್ತಿದ್ದಳು ಅಂತ ಅವಳಿಗೆ ನೆನಪಾಯಿತು.

"ಇದು ಸುಸ್ತಲ್ಲ ಕಣೇ. ನಂಗೂ ಇತ್ತು. ನಡಿ, ಡಾಕ್ಟರಿಗೆ ತೋರಿಸೋಣ," ಅಂದಳು ವಿದೊಸಾವಾ.

ಪಟ್ಟಣದ ಆಸ್ಪತ್ರೆಯಲ್ಲಿ ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ಗಂಟಲು ಕುಸಿದು ಮುಚ್ಚಿಕೊಳ್ಳುತ್ತಿದೆ, ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ ಅಂದರು ಡಾಕ್ಟರು. ಸ್ಲೀಪ್ ಆಪ್ನಿಯಾ ಅಂತ ಅದರ ಹೆಸರು. ಹೀಗೇ ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೂ ಮೆದುಳಿಗೂ ಅಪಾಯ ಅಂತ ಹೇಳಿ ಸಿಪ್ಯಾಪ್ ಯಂತ್ರ ಕೊಟ್ಟರು. ಮೂಗಿಗೆ ಮಾಸ್ಕು, ಮಾಸ್ಕಿಗೆ ಕೊಳವೆ. ಒಳಗೆ ಬರುವ ಗಾಳಿಯ ಒತ್ತಡ ಗಂಟಲು ಮುಚ್ಚದ ಹಾಗೆ ತಡೆಯುತ್ತದೆ.

ಮನೆಗೆ ತಂದಾಗ ಮಿಲಿಸಾವ್ "ಆನೆಮರಿ ಹಂಗೆ ಕಾಣ್ತೀಯ" ಅಂದ. ಸ್ತಾಮೆನಾಗೆ ನಗು ಬರಲಿಲ್ಲ.

"ಗಾಳಿ ಊದುತ್ತಾ ಇದು? ಮುಖಕ್ಕೆ? ರಾತ್ರಿಯೆಲ್ಲಾ?"

"ಹೂಂ ಅಮ್ಮಾ."

"ಒಬ್ಬಳನ್ನ ಗಾಳಿಗೆ ಕೊಟ್ಟಾಯ್ತು. ಇನ್ನೊಬ್ಬಳನ್ನೂ ಕೊಡ್ಲಾ?"

ಮೊದಲ ರಾತ್ರಿಗಳು ನರಕ. ಮೂಗು ಒಣಗಿ ಬಿರಿಯುತ್ತಿತ್ತು. ಮಾಸ್ಕು ಸರಿಯಾಗಿ ಕೂರದೆ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಕಣ್ಣು ಕೆಂಪಗಾಗಿದ್ದನ್ನು ಕಂಡು ತಾಯಿ "ನಾನು ಹೇಳಲಿಲ್ವಾ" ಅಂತ ಅತ್ತಳು. ಅತ್ತು ಸುಮ್ಮನೆ ಕೂರುವ ಜೀವವಲ್ಲ ಅದು. ತನ್ನ ದಪ್ಪ ಉಣ್ಣೆ ಶಾಲು ತಂದು ಮಾಸ್ಕಿನ ಮೇಲಿಂದ ಕತ್ತಿನವರೆಗೆ ಬಿಗಿಯಾಗಿ ಸುತ್ತಿದಳು. ತಾಯಿಯ ಕಣ್ಣೀರು ನೋಡಲಾರದೆ ರಾದೊಯ್ಕಾ ಬೇಡ ಅನ್ನಲಿಲ್ಲ.

ಅವತ್ತು ಅವಳಿಗೆ ನೀರಲ್ಲಿ ಮುಳುಗಿದ ಹಾಗಾಯಿತು. ಎದೆ ಬಿಗಿದು, ಬೆವತು ಎದ್ದು, ಎಲ್ಲ ಕಿತ್ತೆಸೆದಳು. ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ಯಂತ್ರ ಬೀರುವಿನೊಳಗೆ ಹೋಯಿತು, ಅಕ್ಕನ ಕೋಟಿನ ಪಕ್ಕಕ್ಕೆ. ಸತ್ತರೆ ಸಾಯ್ತೀನಿ ಅಂತ ಅವಳಿಗೆ ಅನ್ನಿಸಿಬಿಟ್ಟಿತ್ತು, ಪಾಪ.

ಭಾನುವಾರ ವಿದೊಸಾವಾ ಕಾಫಿಗೆ ಬಂದಳು. ಗೆಳತಿಯ ಕಣ್ಣಿನ ಕೆಳಗಿನ ಕಪ್ಪು ನೋಡಿದಳು. "ಯಂತ್ರ ಎಲ್ಲಿ?"

"ಬೀರುವಲ್ಲಿ. ನಂಗಾಗಲ್ಲ ವಿದಾ. ಅದು ನನ್ನ ಉಸಿರೇ ಕಟ್ಟಿಸುತ್ತೆ."

"ನಾನೂ ಮೊದಮೊದಲು ಕಿತ್ತು ಮಂಚದ ಕೆಳಗೆ ಎಸೆದಿದ್ದೆ. ಆದ್ರೆ ಉಸಿರು ಕಟ್ಟಬಾರದಲ್ಲ. ತಾ ನೋಡೋಣ."

ಮಾಸ್ಕು ಕೈಗೆ ತೆಗೆದುಕೊಂಡು ತಿರುಗಿಸಿದಳು. ಮುಂಭಾಗದಲ್ಲಿ ಸಣ್ಣ ಸಣ್ಣ ತೂತುಗಳು. ಅದರಲ್ಲೆಲ್ಲ ಕಪ್ಪು ಉಣ್ಣೆ ಎಳೆ ಸಿಕ್ಕಿತ್ತು.

"ಇದೇನೇ ಇದು?"

"ನಾನು ಶಾಲು ಸುತ್ತಿದ್ದೆ," ಅಂದಳು ಸ್ತಾಮೆನಾ, ಗದ್ದ ಎತ್ತಿ. "ಆ ತೂತಿಂದ ಗಾಳಿ ಬಂದು ಕತ್ತಿಗೆ ಹೊಡೀತಿತ್ತು."

ವಿದೊಸಾವಾಳ ಮುಖ ಸಪ್ಪಗಾಯಿತು. ಆದರೂ ಮೆಲ್ಲಗೇ ಹೇಳಿದಳು. "ಚಿಕ್ಕಮ್ಮಾ, ಅದು ಬೇಡದ ಗಾಳಿ ಅಲ್ಲ. ನಿಮ್ಮ ಮಗಳು ಬಿಟ್ಟ ಉಸಿರು ಹೊರಗೆ ಹೋಗೋ ದಾರಿ ಅದು. ಮುಚ್ಚಿದ್ರೆ ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಬೇಕು. ಅದಕ್ಕೇ ಇವಳಿಗೆ ಹಂಗಾಗಿದ್ದು. ಪ್ರಾಣಕ್ಕೇ ಕುತ್ತು."

ಮುದುಕಿ ನಂಬಲಿಲ್ಲ. ಆಗ ವಿದೊಸಾವಾ ಸೋಪು ನೀರಲ್ಲಿ ಮಾಸ್ಕು ತೊಳೆದು, ತೂತು ಚೊಕ್ಕ ಮಾಡಿ, ಒರೆಸಿ, ಆ ಹಗಲಲ್ಲೇ ರಾದೊಯ್ಕಾಗೆ ಹಾಕಿ ಯಂತ್ರ ಶುರು ಮಾಡಿದಳು. ಮೊದಲು ಗಾಳಿ ಸಣ್ಣಗೆ ಬಂದು ನಿಧಾನಕ್ಕೆ ಏರುವ ಹಾಗೆ ಅದರಲ್ಲೇ ವ್ಯವಸ್ಥೆ ಇತ್ತು. "ಕೈ ಕೊಡಿ ಚಿಕ್ಕಮ್ಮಾ," ಅಂತ ಆ ಮುದಿ ಅಂಗೈಯನ್ನು ತೂತಿನೆದುರು ಹಿಡಿದಳು.

ಬೆಚ್ಚನೆ ಗಾಳಿ. ಮಗಳು ಉಸಿರು ಬಿಟ್ಟಾಗ ಜೋರಾಗುತ್ತಿತ್ತು, ಎಳೆದುಕೊಂಡಾಗ ಇಳಿಯುತ್ತಿತ್ತು. ಸ್ತಾಮೆನಾ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ದೊಬ್ರಿಲಾಗೂ ಇದೇ ಇತ್ತಾ?" ಅಂತ ಕೇಳಿದಳು ಕೊನೆಗೆ.

"ಗೊತ್ತಿಲ್ಲ ಚಿಕ್ಕಮ್ಮಾ. ಯಾರೂ ಪರೀಕ್ಷೆ ಮಾಡಿಸಲಿಲ್ಲವಲ್ಲ. ಇದ್ದಿರಬಹುದು. ಆದ್ರೆ ಕಿಟಕಿ ಗಾಳಿಯಿಂದ ಯಾರೂ ಸಾಯಲ್ಲ. ಅವತ್ತು ನೀವು ಎದ್ದು ಮುಚ್ಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಹಂಗಾದ್ರೆ ಅವಳು ಉಸಿರಿಗೋಸ್ಕರ ಕಿಟಕಿ ತೆಗೀತಿದ್ಲು," ಅಂದಳು ಮುದುಕಿ. "ನಾನು ಬೈದು ಬೈದು ಮುಚ್ತಿದ್ದೆ. ಒಂದು ದಿನಾನೂ ಯಾಕೆ ಅಂತ ಕೇಳಲಿಲ್ಲ."

ರಾದೊಯ್ಕಾ ಮಾಸ್ಕು ತೆಗೆದು ತಾಯಿಯ ಕೈ ಹಿಡಿದುಕೊಂಡಳು. ಅವಳೂ ಅಕ್ಕನನ್ನು ಕೇಳಿರಲಿಲ್ಲ. ಕಾಫಿ ತಣ್ಣಗಾಯಿತು.

ಮಾರನೆ ದಿನ ಆಸ್ಪತ್ರೆಗೆ ಫೋನ್ ಮಾಡಿದರು. ಅವರೇ ಕರೆಸಿಕೊಂಡು ಸಣ್ಣ ಅಳತೆಯ ಮಾಸ್ಕು ಕೊಟ್ಟರು. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಜೋಡಿಸಿ, ಅದಕ್ಕೆ ಎಂಥ ನೀರು ಹಾಕಬೇಕು ಅಂತ ಹೇಳಿದರು. ಸಂಜೆ ಟಿವಿ ನೋಡುವಾಗ ಸ್ವಲ್ಪ ಹೊತ್ತು ಮಾಸ್ಕು ಹಾಕಿ ಕೂತು ರೂಢಿ ಮಾಡಿಕೊ ಅಂದರು. ಮಲಗುವ ಮುಂಚೆ ಪ್ಲಮ್ ಹಣ್ಣಿನ ಸಾರಾಯಿ ಒಂದು ತೊಟ್ಟೂ ಬೇಡ, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತೆ ಅಂತಲೂ ಹೇಳಿದರು.

ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಯಿತು ಅಂದರೆ ಅದು ಸುಳ್ಳು. ಎಷ್ಟೋ ರಾತ್ರಿ ರಾದೊಯ್ಕಾ ಅರ್ಧಕ್ಕೇ ಕಿತ್ತಿಟ್ಟಳು, ಬೈದಳು, ಅತ್ತಳು. ಮತ್ತೆ ಹಾಕಿಕೊಂಡಳು. ಮಾಸ್ಕಿನ ಪಟ್ಟಿ ಒತ್ತಿ ಕೆನ್ನೆಯಲ್ಲಿ ಬರೆ ಬಿದ್ದಾಗ ಸ್ತಾಮೆನಾ ಆ ಕಪ್ಪು ಶಾಲು ಬಿಚ್ಚಿ, ಅದೇ ಉಣ್ಣೆಯಲ್ಲಿ ಪಟ್ಟಿಗೆ ಮೆತ್ತನೆಯ ಕವಚ ಹೆಣೆದಳು. ತೂತಿನ ಹತ್ತಿರ ಒಂದು ಎಳೆಯೂ ಹೋಗದ ಹಾಗೆ ಹೆಣೆದಳು. ಒಂದು ಬೆಳಿಗ್ಗೆ ರಾದೊಯ್ಕಾ ಎದ್ದಾಗ ತಲೆ ಹಗುರವಾಗಿತ್ತು. ಖುಷಿಪಡುವ ಮೊದಲೇ ಅವಳಿಗೆ ಅಕ್ಕನ ನೆನಪು ಬಂತು. ಅಕ್ಕನಿಗೆ ಇಂಥದ್ದೊಂದು ಬೆಳಗು ಸಿಗಲಿಲ್ಲವಲ್ಲ ಅನ್ನಿಸಿತು.

ದೊಬ್ರಿಲಾಳ ವರ್ಷದ ತಿಥಿ ಬಂತು. ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ, ಮೇಣದ ಬತ್ತಿ ಹಿಡಿದು ಎಲ್ಲರೂ ಸಮಾಧಿಗೆ ಹೋದರು. ನೆರೆಯ ಹೆಂಗಸೊಬ್ಬಳು ರೂಢಿಯ ಮಾತೇ ಆಡಿದಳು. "ಪುಣ್ಯವಂತೆ, ನಿದ್ದೇಲಿ ಹೋದಳು."

ಸ್ತಾಮೆನಾ ತಿರುಗಿ ನಿಂತಳು. "ಪುಣ್ಯ ಅನ್ನಬೇಡ. ನನ್ನ ಮಗಳು ಪಕ್ಕದ ಮಂಚದಲ್ಲಿ ಉಸಿರಿಗೆ ಒದ್ದಾಡಿದಳು, ನಾನು ಹಾಯುಗಾಳಿಗೆ ಹೆದರ್ತಾ ಮಲಗಿದ್ದೆ. ನಿನ್ನ ಗಂಡ ಗೊರಕೆ ಹೊಡೀತಾನಲ್ಲ, ನಡುವೆ ನಿಲ್ಲುತ್ತಾ? ನಿಂತಾಗ ನೀನೇನು ಮಾಡ್ತೀಯ?"

"ಸದ್ಯ ನಿಲ್ತು ಅಂತ ನಿದ್ದೆ ಮಾಡ್ತೀನಿ," ಅಂದಳು ಆ ಹೆಂಗಸು. ಅಂದವಳ ಮುಖ ಬಿಳಿಚಿಕೊಂಡಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಾಗೇ ಮಾಡುತ್ತಿದ್ದೀರಾ? ಗೊರಕೆ ನಗುವ ವಿಷಯವಲ್ಲ. ಜೋರು ಗೊರಕೆ ಥಟ್ಟನೆ ನಿಂತು, ಆಮೇಲೆ ಏದುಸಿರು ಬಂದರೆ, ಹಗಲಲ್ಲಿ ಕೂತಲ್ಲೇ ಕಣ್ಣು ಎಳೆದರೆ, ಡಾಕ್ಟರಿಗೆ ತೋರಿಸಿ. ಯಂತ್ರ ಕೊಟ್ಟರೆ ಮೊದಲ ವಾರದ ಕಷ್ಟಕ್ಕೆ ಹೆದರಿ ಬೀರುವಿಗೆ ಇಡಬೇಡಿ. ಮೂಗು ಒಣಗಿದರೆ, ಗಾಳಿ ಸೋರಿದರೆ, ಮಾಸ್ಕು ಒತ್ತಿದರೆ, ಕೊಟ್ಟವರನ್ನೇ ಕೇಳಿ. ಅದಕ್ಕೆಲ್ಲ ದಾರಿ ಇದೆ. ಮಾಸ್ಕಿನ ತೂತನ್ನು ಮಾತ್ರ ಯಾವತ್ತೂ ಮುಚ್ಚಬೇಡಿ.

ನಿಮ್ಮ ಮನೆಯಲ್ಲೂ ರಾತ್ರಿ ಯಾರಾದರೂ ಎದ್ದೆದ್ದು ಕಿಟಕಿ ತೆಗೆಯುತ್ತಿರಬಹುದು. ಬೈದು ಮುಚ್ಚುವ ಮೊದಲು ಯಾಕೆ ಅಂತ ಒಮ್ಮೆ ಕೇಳಿ.