ರಿಮ್ಮಿಗೆ ಸಿಕ್ಕ ನಾನು

ನನ್ನ ಹಳದಿ ಚುಕ್ಕೆಯ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಲೋಕದಲ್ಲಿ ರಾಜ್ಯಗಳು ಉರುಳಿವೆ, ನದಿಗಳು ದಿಕ್ಕು ಬದಲಿಸಿವೆ, ಅವುಗಳ ಮೇಲೆ ಗ್ರಂಥಗಳೂ ಬಂದಿವೆ. ಕಡಲೆಕಾಳಿನಷ್ಟಿದ್ದ ನನ್ನ ಚುಕ್ಕೆಯ ಬಗ್ಗೆ ಮಾತ್ರ ಯಾರೂ ಒಂದು ಸಾಲು ಬರೆದಿಲ್ಲ. ಆ ಕೊರತೆಯನ್ನು ನಾನೇ ತುಂಬಬೇಕಾಗಿದೆ.

ನಾನು ಒಂದು ಟೈರು. ರೇಸ್ ಬೈಕಿನ ಮುಂದಿನ ಚಕ್ರದ್ದು. ಹುಟ್ಟಿದ್ದು ಕಾರ್ಖಾನೆಯಲ್ಲಿ, ಕಾದ ಅಚ್ಚಿನ ಎರಡು ದವಡೆಗಳ ನಡುವೆ. ಅಚ್ಚು ಬಾಯಿ ಬಿಟ್ಟಾಗ ಸ್ವಾತಂತ್ರ್ಯ ಬಂತೆಂದುಕೊಂಡೆ. ಒಬ್ಬಾತ ನನ್ನನ್ನು ತಿರುಗಿಸಿ ತೂಗಿ, ಎಲ್ಲಿ ನಾನು ಎಲ್ಲಕ್ಕಿಂತ ಹಗುರವೋ ಅಲ್ಲಿ ಹಳದಿ ಬಣ್ಣದ ಚುಕ್ಕೆಯಿಟ್ಟ. ಟೈರು ಕೂರುವ ಲೋಹದ ಬಳೆಯೇ ರಿಮ್ಮು; ಗಾಳಿ ತುಂಬುವ ವಾಲ್ವ್ ಇರುವ ಕಡೆ ಅದು ಭಾರ; ಅಲ್ಲಿಗೆ ನನ್ನ ಚುಕ್ಕೆ ಕೂಡಿಸಿದರೆ ಭಾರಕ್ಕೆ ಹಗುರ ಸರಿಹೋಗಿ ಚಕ್ರ ನಡುಗದೆ ತಿರುಗುತ್ತದೆ. ಅಷ್ಟೇ ಅದರ ಅರ್ಥ. ಆಮೇಲೆ ನನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು.

ಮೊದಲು ಕೊಂಡದ್ದು ಬೆಂಗಳೂರಿನ ಒಂದು ರೇಸ್ ತಂಡ. ಅವರು ನನ್ನನ್ನು ಬಳಸಲಿಲ್ಲ, 'ಇರಲಿ' ಎಂದು ಇಟ್ಟುಕೊಂಡರು. 'ಇರಲಿ' ಎನ್ನುವುದು ಎಷ್ಟು ದೊಡ್ಡ ಜೈಲು ಎಂಬುದು ಉಗ್ರಾಣದ ಮೂಲೆಯಲ್ಲಿ ಇದ್ದವರಿಗೇ ಗೊತ್ತು. ಅಲ್ಲಿಂದ ನನ್ನನ್ನು ಬಿಡಿಸಿದವಳು ನೀಲಗಂಗಾ, ಹುಬ್ಬಳ್ಳಿಯ ಹುಡುಗಿಯರ ಹೈಸ್ಕೂಲಿನ ಪಿ.ಟಿ. ಟೀಚರು. ವಾರದ ದಿನಗಳಲ್ಲಿ ಕೊರಳಲ್ಲಿ ಸೀಟಿ, ರಜೆಯಲ್ಲಿ ತಲೆಗೆ ಹೆಲ್ಮೆಟ್ಟು. ಕೊಯಮತ್ತೂರಿನಲ್ಲಿ ಹೆಂಗಸರ ರೇಸೊಂದಿತ್ತು. ಮೊದಲ ಮೂವರಿಗೆ ಅದನ್ನು ನಡೆಸುವ ತಂಡದಲ್ಲಿ ಜಾಗ, ವರ್ಷವಿಡೀ ಓಡಿಸಲು ತಂಡದ್ದೇ ಬೈಕು. ಮುಂದಿನ ವರ್ಷ ಅವಳು ವಯಸ್ಸಿನ ಮಿತಿ ದಾಟುತ್ತಿದ್ದಳು. ಹಾಗಾಗಿ ಇದೇ ಮೊದಲು, ಇದೇ ಕೊನೆ.

ನಾನು ಪಾರ್ಸೆಲ್ಲಿನಲ್ಲಿ ಮನೆಗೆ ಬಂದ ದಿನ ಅವಳು ಶಾಲೆಗೆ ಹೋಗಿದ್ದಳು. ನಾನು ಸಿಕ್ಕಿದ್ದು ಅವಳ ಅವ್ವ ಗೌರವ್ವನ ಕೈಗೆ. ಮನೆಗೆ ಬಂದ ಹೊಸ ಸಾಮಾನನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವವರ ಪೈಕಿ ಅಲ್ಲ ಆಕೆ. ಬಚ್ಚಲ ಕಲ್ಲಿನ ಮೇಲೆ ಕೆಡವಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದಳು. ನನ್ನ ಹಳದಿ ಚುಕ್ಕೆ ಬಚ್ಚಲು ಸೇರಿತು. ಬಳಿಕ ಒರೆಸಿ, ಅದರ ನೇರ ಎದುರು ಬದಿಯಲ್ಲಿ ಅರಿಷಿಣ ಹಚ್ಚಿ, ಮೇಲೆ ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿದಳು. ನಾನು ಬಾಯಿದ್ದರೆ ಕೂಗುತ್ತಿದ್ದೆ.

ಟೈರಿನಂಗಡಿಯವರು ಯಾರೂ ನನ್ನನ್ನು ಮುಟ್ಟಲು ಒಪ್ಪಲಿಲ್ಲ. ರೇಸ್ ಟೈರಿನ ಅಂಚು ಬಿರುಸು. ಎಳೆದರೆ ತಮ್ಮ ಮಷಿನ್ನೇ ಹೋದೀತೆಂಬ ಭಯ. ಹೀಗಾಗಿ ಶನಿವಾರ ಮಧ್ಯಾಹ್ನ, ಬೈಕು ಒಯ್ಯುವ ಟೆಂಪೊ ಬರುವ ಮೊದಲು, ಮನೆಯಂಗಳದಲ್ಲೇ ಕೆಲಸ ಶುರುವಾಯಿತು. ಸಹಾಯಕ್ಕೆ ಅಣ್ಣ ಚನ್ನವೀರ. ಗಾಡಿಗಳಿಗೆ ಸ್ಪ್ರೇ ಪೇಂಟ್ ಹೊಡೆಯುವುದು ಅವನ ಕಸುಬು. ಆದ್ದರಿಂದ ಗಾಳಿಯ ಕಂಪ್ರೆಸರ್ ಮನೆಯಲ್ಲೇ ಇತ್ತು.

ಮೆತ್ತಗಾಗಲೆಂದು ನನ್ನನ್ನು ಬಿಸಿಲಿಗೆ ಹಾಕಿದರು. ಸೋಪಿನ ನೀರು ಬಳಿದರು. ಕುಂಕುಮ ಹರಿದುಹೋಯಿತು, ಅರಿಷಿಣ ಕಚ್ಚಿಕೊಂಡು ಕೂತಿತು.

"ಹಳದಿ ಚುಕ್ಕಿ ವಾಲ್ವಿಗೆ ಕೂಡಬೇಕು ನೋಡಣ್ಣಾ," ಎಂದಳು ನೀಲಗಂಗಾ.

"ಕಾಣಸ್ತದವಾ, ನಾ ಏನ್ ಕುರುಡೇನು?" ಎಂದು ಚನ್ನವೀರ ಅರಿಷಿಣವನ್ನು ವಾಲ್ವಿಗೆ ಕೂಡಿಸಿದ.

ಒಂದು ಅಂಚು ಹೇಗೋ ರಿಮ್ಮಿನೊಳಗೆ ಇಳಿಯಿತು. ಇನ್ನೊಂದು ಇಳಿಯಲೊಲ್ಲದು. ಅರ್ಧ ಒಳಗೆ, ಅರ್ಧ ಹೊರಗೆ, ನಡುವೆ ಎರಡು ಕಬ್ಬಿಣದ ಪಟ್ಟಿ ಸಿಕ್ಕಿಸಿಕೊಂಡು ಮಲಗಿದ್ದೆ. ಪಟ್ಟಿ ಜಾರಿ ಚನ್ನವೀರನ ಬೆರಳಿಗೆ ಬಡಿಯಿತು.

"ಇದೇನ್ ಟೈರೋ, ಬೀಸುಕಲ್ಲೋ!"

"ಎದುರಿನ ಕಡೆ ಒತ್ತಿ ಹಿಡಿ ಅಣ್ಣಾ. ಅಲ್ಲೆ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳದ್ರ ಇಲ್ಲೆ ಸಡಲ ಆಗ್ತದ."

"ಒತ್ತಾಕ ನನಗೇನು ನಾಲ್ಕು ಕೈ ಅದಾವೇನು?"

ಗೌರವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಬದಿಗಿಟ್ಟು ಎದ್ದಳು. "ಸರೀರಿ," ಎಂದು ಬಂದು ನನ್ನ ಮೇಲೆ ಕೂತೇಬಿಟ್ಟಳು. ಅಂಚು ತಗ್ಗಿಗೆ ಇಳಿಯಿತು. ನೀಲಗಂಗಾ ಪಟ್ಟಿ ಎತ್ತಿದಳು, ನಾನು ಒಳಗೆ ಬಿದ್ದೆ. ಕಂಪ್ರೆಸರಿನ ಗಾಳಿಗೆ ಢಂ ಢಂ ಎಂದು ಎರಡೂ ಅಂಚು ರಿಮ್ಮಿಗೆ ಕೂತವು. ಅಚ್ಚು ಒಂದು ಗಳಿಗೆ ಹಿಡಿದಿತ್ತು, ಉಗ್ರಾಣಕ್ಕೆ ಬಾಗಿಲಾದರೂ ಇತ್ತು. ಈ ರಿಮ್ಮು ಸುತ್ತಲೂ ಹಿಡಿದಿತ್ತು, ಹೊಟ್ಟೆಯಲ್ಲಿ ಹೊರಬರಲಾರದ ಗಾಳಿ ಬೇರೆ.

ಇನ್ನು ತೂಕ ನೋಡುವುದು. ಚಕ್ರದ ನಡುವೆ ಸರಳು ತೂರಿಸಿ, ಅದರ ತುದಿಗಳನ್ನು ಎರಡು ಸ್ಟೂಲುಗಳ ಮೇಲಿಟ್ಟು ಚಕ್ರವನ್ನು ತೇಲಿಬಿಟ್ಟರು. ಮೆಲ್ಲಗೆ ತಿರುಗಿಸಿ ಬಿಟ್ಟರೆ ಭಾರದ ಬದಿ ಕೆಳಗೆ ಬಂದು ನಿಲ್ಲುತ್ತದೆ. ಮೇಲಿನ ಬದಿಗೆ ಸೀಸದ ತುಂಡು ಅಂಟಿಸಬೇಕು. ಚಕ್ರ ತಿರುಗಿತು, ವಾಲ್ವ್ ಕೆಳಗೆ ಬಂದು ನಿಂತಿತು. ಸೀಸ ಅಂಟಿಸಿದರು. ಮತ್ತೆ ವಾಲ್ವೇ ಕೆಳಗೆ. ಮತ್ತಷ್ಟು ಅಂಟಿಸಿದರು. ಮತ್ತೆ ವಾಲ್ವೇ. ರಿಮ್ಮಿನ ಮೇಲೆ ಸೀಸದ ಸಾಲು ಡಾಬಿನಂತೆ ಬೆಳೆಯಿತು.

"ಹಚ್ಚೋದು ಹಚ್ಚೇವಿ, ಇನ್ನೊಂದೆರಡು ಹಚ್ಚಿ ಮುಗಿಸೋಣ," ಎಂದ ಚನ್ನವೀರ.

"ಬ್ಯಾಡಣ್ಣಾ. ಓಡೋವಾಗ ಇದು ಕಿತ್ತು ಹಾರಿದ್ರ ಮುಂದಿನ ಚಕ್ರ ನಡಗ್ತದ. ಹ್ಯಾಂಡಲ್ ನನ್ನ ಕೈಯಾಗ ಉಳಿಯಂಗಿಲ್ಲ."

ಅವಳು ಬಗ್ಗಿ ಚುಕ್ಕೆಯನ್ನೇ ದಿಟ್ಟಿಸಿದಳು. ಉಗುರಿನಿಂದ ಕೆರೆದಳು. ಮೂಸಿದಳು. ಅದು ಪೇಂಟಿನ ವಾಸನೆಯಲ್ಲ.

"ಯವ್ವಾ, ಈ ಟೈರಿಗೆ ನೀ ಏನರೆ ಮಾಡಿಯೇನ?"

"ನಾ ಏನ್ ಮಾಡ್ಲಿ? ತೊಳದು ಅರಿಷಿಣ-ಕುಂಕುಮ ಹಚ್ಚೀನಿ. ತಪ್ಪೇನದು?"

"ಮೊದಲ ಒಂದು ಹಳದಿ ಚುಕ್ಕಿ ಇತ್ತಲ್ಲ?"

"ಅದಾ? ನಿಮ್ಮಣ್ಣನ ಕೈ ಹೋದಲ್ಲೆಲ್ಲಾ ಪೇಂಟು. ತಿಕ್ಕಿ ತಗದೆ. ಏಸು ತಿಕ್ಕಬೇಕಾತು ಗೊತ್ತೈತೇನ!"

ಚನ್ನವೀರ ನಕ್ಕುಬಿಟ್ಟ. ನೀಲಗಂಗಾ ನಗಲಿಲ್ಲ. ಟೆಂಪೊ ಬೀದಿಯ ತಿರುವಿಗೆ ಬಂದು ಹಾರನ್ ಹೊಡೆಯುತ್ತಿತ್ತು. ನಿಜವಾದ ಚುಕ್ಕೆ ಎಲ್ಲಿತ್ತೆಂಬುದು ಆ ಅಂಗಳದಲ್ಲಿ ನನಗೊಬ್ಬನಿಗೇ ಗೊತ್ತು, ನನಗೋ ಮೂರು ಜನ ಸೇರಿ ಬಾಯಿ ಬಿಗಿದಂತಿತ್ತು.

"ವಾಲ್ವ್ ಪ್ರತಿ ಸಲಾನೂ ಕೆಳಗ ಬರ್ತದಂದ್ರ ಇದರ ಭಾರ ಅಲ್ಲೇ ಕೂತದ," ಎಂದಳು ಅವಳು ನಿಧಾನವಾಗಿ. "ಅರ್ಧ ಸುತ್ತು ತಿರುಗಿಸಿದ್ರ ಸರಿಹೋಗ್ತದ. ಬಿಚ್ಚಣ್ಣಾ."

"ಬಿಚ್ಚೋದು? ಇದನ್ನ? ಮತ್ತ? ಟೆಂಪೊ ನಿಂತದವಾ ಅಲ್ಲೆ!"

"ನಿಲ್ಲಲಿ. ಹೋಗ್ತದಂದ್ರ ಹೋಗ್ಲಿ."

ಗಾಳಿ ಬಿಟ್ಟರು. ಕಚ್ಚಿಕೂತ ಅಂಚನ್ನು ಎಬ್ಬಿಸಲು ಚನ್ನವೀರ ತನ್ನ ಬೈಕಿನ ಸೈಡ್ ಸ್ಟ್ಯಾಂಡನ್ನು ನನ್ನ ಪಕ್ಕೆಗೆ ಊರಿ, ಬೈಕನ್ನು ಮೇಲೆ ವಾಲಿಸಿದ. ಆ ನೋವಿನ ವರ್ಣನೆ ಬೇಡ. ಅಂಟಿಸಿದ್ದ ಸೀಸವನ್ನೆಲ್ಲ ಕಿತ್ತು, ನನ್ನನ್ನು ಅರ್ಧ ಸುತ್ತು ತಿರುಗಿಸಿದರು. ಗೌರವ್ವ ಕರೆಯದೆಯೇ ಬಂದು ಮತ್ತೆ ಕೂತಳು, ಈ ಸಲ ಮೊರವನ್ನೂ ತಂದಿದ್ದಳು. ಢಂ, ಢಂ. ಸ್ಟೂಲುಗಳ ನಡುವೆ ತಿರುಗಿಸಿ ಬಿಟ್ಟರು. ವಾಲ್ವ್ ಒಮ್ಮೆ ಪಕ್ಕದಲ್ಲಿ ನಿಂತಿತು, ಒಮ್ಮೆ ಮೇಲೆ ನಿಂತಿತು. ಸೀಸದ ಒಂದೇ ತುಂಡು ಸಾಕಾಯಿತು. ಟೆಂಪೊದವನು ಬೈಯುತ್ತಲೇ ಬೈಕು ಹತ್ತಿಸಿಕೊಂಡ.

ರೇಸಿನಲ್ಲಿ ನಾನು ನಡುಗಲಿಲ್ಲ. ಮೊದಲ ತಿರುವಿನಲ್ಲಿ ಇಬ್ಬರು ಬಿದ್ದರು, ನಾವು ಬೀಳಲಿಲ್ಲ. ನೇರ ದಾರಿಯಲ್ಲಿ ಅವಳ ಮುಂಗೈ ಎಷ್ಟು ಸಡಿಲವಾಗಿತ್ತೆಂದರೆ, ಶಾಲೆಯ ಅಂಗಳದಲ್ಲಿ ಸೈಕಲ್ ಹೊಡೆಯುತ್ತಿರುವಂತಿತ್ತು. ಬಹಳ ಹೊತ್ತು ಮೂರನೆಯ ಜಾಗದಲ್ಲಿದ್ದೆವು. ಕೊನೆಯ ತಿರುವಿನಲ್ಲಿ ಪುಣೆಯ ಹುಡುಗಿಯೊಬ್ಬಳು ಒಳಬದಿಯಿಂದ ನುಗ್ಗಿದಳು.

ಸವೆದ ಮೇಲೆ ನನ್ನನ್ನು ರಿಮ್ಮಿನಿಂದ ನೀಲಗಂಗಾಳೇ ಬಿಚ್ಚಿದಳು. ಈಗ ನಾನು ಹೈಸ್ಕೂಲಿನ ಆಟದ ಬಯಲಿನಲ್ಲಿ ಅರ್ಧ ಹೂತಿದ್ದೇನೆ, ಹುಡುಗಿಯರು ಜಿಗಿದು ದಾಟಲಿ ಎಂದು. ಕೆಳಗಿನ ಅರ್ಧಕ್ಕೆ ಮಣ್ಣು, ಇರುವೆ. ಮೇಲಿನ ಅರ್ಧಕ್ಕೆ ಕಾಲು ತಾಕಿಸಿದವರನ್ನು ಟೀಚರು ಸೀಟಿ ಊದಿ ಹಿಂದಕ್ಕೆ ಕಳಿಸುತ್ತಾಳೆ. ಇಲ್ಲಿಂದ ಬಿಡುಗಡೆಯ ಲಕ್ಷಣ ಕಾಣುವುದಿಲ್ಲ. ಆದರೆ ಗಾಳಿ ನನ್ನ ಮೂಲಕ ಹಾದುಹೋಗುತ್ತದೆ, ಯಾರೂ ಅದನ್ನು ಒಳಗೆ ಕೂಡಿಹಾಕಿಲ್ಲ.

ಮೊನ್ನೆ ಒಬ್ಬಳು ಕೇಳಿದಳು: "ಮಿಸ್, ಈ ಟೈರ್ ರೇಸಿಗೆ ಹೋಗಿತ್ತಂತ, ಖರೇ ಏನ್ರಿ? ಎಷ್ಟನೇದು ಬಂದ್ರಿ ನೀವು?"

ನೀಲಗಂಗಾ ನಾಲ್ಕನೆಯವಳಾಗಿ ಬಂದಿದ್ದಳು. ತಂಡ ಮೂವರನ್ನು ತೆಗೆದುಕೊಂಡಿತು.